ಹಸಿರಾಗಿಯೂ ತಲುಪದ ವರದಿ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕಾವಲಮ್ಮ ಎನ್ನುತ್ತಾರೆ. ಮೊದಲು ಹದಿನಾಲ್ಕು ವರ್ಷ ಅಲ್ಲಿಯೇ ಟೆಲಿಫೋನ್ ಆಪರೇಟರ್ ಆಗಿದ್ದವಳು. ಆ ಟೆಲಿಫೋನ್ ಬೋರ್ಡನ್ನು ಕಿತ್ತುಹಾಕಿದ ದಿನ ಅವಳನ್ನು ನೆಲಮಾಳಿಗೆಯ ಒಂದು ಪರದೆಯ ಮುಂದೆ ಕೂರಿಸಿ, "ಇದನ್ನ ನೋಡ್ಕೊಂಡಿರಿ" ಎಂದರು. ಏನನ್ನು ನೋಡಬೇಕೆಂಬುದನ್ನು ಅವಳೇ ಕಲಿತಳು. ಲ್ಯಾಬಿನ ಯಂತ್ರದ ಭಾಷೆ ಒಂದು, ವಾರ್ಡಿನ ಕಂಪ್ಯೂಟರಿನದು ಇನ್ನೊಂದು. ನಡುವಿನ ತಂತ್ರಾಂಶ ರಕ್ತದ ವರದಿಯನ್ನು ಅಲ್ಲಿಂದ ತಂದು, ಇಲ್ಲಿಗೆ ತಿಳಿಯುವಂತೆ ತಿರುಗಿಸಿ ಮುಟ್ಟಿಸುತ್ತದೆ. ಅದಕ್ಕಾಗಿ ಒಳಗೆ ಒಟ್ಟೊಟ್ಟಿಗೆ ಕೆಲಸ ಮಾಡುವ ಎಂಟು ಥ್ರೆಡ್‌ಗಳಿವೆ. ಕಾವಲಮ್ಮನ ಪಾಲಿಗೆ ಅವು ಎಂಟು ಜನ ಆಳುಗಳು. ಐದನೆಯವನು ಶುದ್ಧ ಸೋಮಾರಿ. ಹೊತ್ತ ಸಂದೇಶದ ಸಮೇತ ನಿಂತುಬಿಡುತ್ತಾನೆ, ಅವನನ್ನು ನಿಲ್ಲಿಸಿ ಮತ್ತೆ ಎಬ್ಬಿಸಬೇಕು. ದಾರಿಯಲ್ಲಿರುವ ಸಂದೇಶ ನೀಲಿ, ಕೆಟ್ಟದ್ದು ಕೆಂಪು, ಮುಗಿದದ್ದು ಹಸಿರು. ಹಸಿರು ಕಂಡರೆ ಅವಳು ಮನಸ್ಸಿನಲ್ಲೇ ದೇವರಿಗೆ ಕೈಮುಗಿದು ಮುಂದಿನದಕ್ಕೆ ಹೋಗುತ್ತಾಳೆ.

ಆ ದಿನ ಅವಳ ಅತ್ತೆಯೇ ಎರಡನೇ ಮಹಡಿಯ ವಾರ್ಡಿನಲ್ಲಿದ್ದರು. ಎಂಬತ್ತೊಂದು ವರ್ಷ ಆಸ್ಪತ್ರೆಯ ಮೆಟ್ಟಿಲು ತುಳಿಯದ ಜೀವ, ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿತ್ತು. ಹನ್ನೆರಡಕ್ಕೆ ಆಪರೇಷನ್. ರಕ್ತದ ವರದಿ ನೋಡದೆ ಅರಿವಳಿಕೆ ಡಾಕ್ಟರು ಮುಟ್ಟುವುದಿಲ್ಲ. ಇವತ್ತು ತಪ್ಪಿದರೆ ಥಿಯೇಟರು ಸಿಗುವುದು ಮೂರು ದಿನದ ಮೇಲೆ. ಈ ವಯಸ್ಸಿನಲ್ಲಿ ಅಷ್ಟು ದಿನ ಮಲಗಿದರೆ ಏಳುವುದೇ ಅನುಮಾನ ಎಂದು ಬೆಳಿಗ್ಗೆಯೇ ಹೇಳಿದ್ದರು.

ಹತ್ತೂವರೆಗೆ ವಾರ್ಡಿನ ನರ್ಸ್ ಫೋನ್ ಮಾಡಿದಳು.

"ಕಾವಲಮ್ಮಾ, ನಿಮ್ಮತ್ತೆ ರಿಪೋರ್ಟ್ ಇನ್ನೂ ಬಂದಿಲ್ಲ. ಲ್ಯಾಬಲ್ಲಿ ಕೇಳಿದ್ರೆ ಕಳಿಸಾಯ್ತು ಅಂತಾರೆ."

"ಬಂದಿದೆಯಲ್ಲ ಸಿಸ್ಟರ್, ಇಲ್ಲಿ ಹಸಿರಾಗಿದೆ."

"ಹಸಿರೋ ಹಳದಿಯೋ, ನನ್ನ ಕಂಪ್ಯೂಟರಲ್ಲಿ ಇಲ್ಲ. ಪಕ್ಕದ ಬೆಡ್ಡಿಂದು ಬಂತು, ಎದುರು ಬೆಡ್ಡಿಂದೂ ಬಂತು. ಇವ್ರದ್ದು ಮಾತ್ರ ಇಲ್ಲ."

ಕಾವಲಮ್ಮ ಮತ್ತೆ ಕಳಿಸಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಹಸಿರು. ವಾರ್ಡಿನಲ್ಲಿ ಇಲ್ಲ. ಇದು ಐದನೆಯವನದೇ ಕೆಲಸ ಎಂದು ಅವನನ್ನು ನಿಲ್ಲಿಸಿ ಎಬ್ಬಿಸಿ, ಇನ್ನೊಮ್ಮೆ ಕಳಿಸಿದಳು. ಈ ಸಲ ಹೊತ್ತವನು ಮೂರನೆಯವನು. ಹಸಿರು. ವಾರ್ಡಿನಲ್ಲಿ ಇಲ್ಲ. ಕೆಂಪಾಗಿದ್ದರೆ ಎಲ್ಲಿ ಮುರಿಯಿತೆಂದು ಹುಡುಕಬಹುದು, ನೀಲಿಯಾಗಿದ್ದರೆ ಯಾರು ಹಿಡಿದು ಕೂತಿದ್ದಾರೆಂದು ಕೇಳಬಹುದು. ಹಸಿರನ್ನು ಏನೆಂದು ಕೇಳುವುದು? ಕನ್ನಡಕ ಒರೆಸಿ ನೋಡಿದಳು. ಆಗಲೂ ಹಸಿರೇ.

ಹನ್ನೊಂದು ದಾಟಿತ್ತು. ಮತ್ತೆ ಫೋನ್.

"ನಾಲ್ಕು ಸಲ ಕಳಿಸಿದೆ ಸಿಸ್ಟರ್!"

"ಯಾರಿಗೆ ಕಳಿಸ್ತಿದ್ದೀರಿ, ಮೇಲಿರೋ ದೇವರಿಗಾ?"

ಕೆಟ್ಟ ಸಂದೇಶವಾದರೆ ಅದು ಹೋದ ದಾರಿಯ ದಾಖಲೆಯನ್ನು ತೆರೆಯುವುದು ವಾಡಿಕೆ. ಹಸಿರಾದದ್ದನ್ನು ಯಾರೂ ತೆರೆಯುವುದಿಲ್ಲ. ಬೇರೇನೂ ತೋಚದೆ ಅವಳು ತೆರೆದಳು. ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಲ್ಯಾಬಿನಿಂದ ಬಂತು. ತಿರುಗಿಸಲಾಯಿತು. ಇದು ಪ್ರಯೋಗದ ಸಂದೇಶ, ಮುಟ್ಟಿಸಬೇಕಿಲ್ಲ. ಮುಗಿಯಿತು.

ಪ್ರಯೋಗದ್ದೆ? ಅತ್ತೆಯ ರಕ್ತ ಪ್ರಯೋಗದ್ದು ಹೇಗಾಯಿತು? ಮೂರು ಸಲ ಓದಿದ ಮೇಲೆ ಅವಳಿಗೆ ಹೊಳೆಯಿತು.

ದಿನಾ ಬೆಳಿಗ್ಗೆ ದಾರಿ ಸುಗಮವಾಗಿದೆಯೇ ಎಂದು ನೋಡಲು ಅವಳು ಒಂದು ಸುಳ್ಳು ವರದಿ ಕಳಿಸುತ್ತಾಳೆ. ಆರು ವರ್ಷದ ಹಿಂದೆ, ಮೊದಲ ಸಲ, ಅದಕ್ಕೊಂದು ಹೆಸರು, ಹುಟ್ಟಿದ ದಿನ ಬೇಕಾಯಿತು. ಮನೆಯ ಅರ್ಜಿಗಳಲ್ಲಿ ಬರೆದು ಬರೆದು ಬಾಯಿಪಾಠವಾಗಿದ್ದದ್ದು ಅತ್ತೆಯದು. ಇಲ್ಲದ ರೋಗಿಯ ವರದಿ ಬರುತ್ತಿದೆ ಎಂದು ನರ್ಸುಗಳು ಗೊಣಗಿದಾಗ, ಈ ಹೆಸರು, ಈ ತಾರೀಕು ಬಂದರೆ ವಾರ್ಡಿಗೆ ಮುಟ್ಟಿಸದೆ ಮುಗಿಸಿಬಿಡಿ ಎಂದು ಎಂಜಿನಿಯರನ್ನು ಬೇಡಿ ತಂತ್ರಾಂಶದಲ್ಲಿ ಒಂದು ಸಾಲು ಬರೆಸಿದವಳೂ ಅವಳೇ. ಆಮೇಲೆ ಬೆರಳುಗಳು ಆ ಹೆಸರನ್ನು ಒತ್ತುತ್ತಾ ಬಂದವು, ಕಣ್ಣು ಓದುವುದನ್ನು ಬಿಟ್ಟಿತ್ತು.

ಆ ಸಾಲನ್ನು ಅಳಿಸುವ ಅಧಿಕಾರ ಅವಳಿಗಿಲ್ಲ. ಲ್ಯಾಬಿಗೆ ಓಡಿ ವರದಿಯನ್ನು ಕಾಗದದ ಮೇಲೆ ತೆಗೆಸಿ, ಸಹಿ ಹಾಕಿಸಿ, ಮೊಣಕಾಲು ಹಿಡಿದುಕೊಂಡು ಎರಡು ಮಹಡಿ ಹತ್ತಿದಳು. ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಅತ್ತೆಯ ಟ್ರಾಲಿ ಥಿಯೇಟರಿನೊಳಗೆ ಹೋಯಿತು.

ಮರುದಿನ ಮಧ್ಯಾಹ್ನ, ದಿಂಬಿಗೆ ಒರಗಿಕೊಂಡು ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು.

"ಆರು ವರ್ಷದಿಂದ ದಿನಾ ನನ್ನ ರಿಪೋರ್ಟ್ ಬರೀತಿದ್ದೀಯ. ಒಂದಿನಾದ್ರೂ ನನ್ನ ಸಕ್ಕರೆ ಎಷ್ಟಿದೆ ಅಂತ ಹೇಳ್ಬಾರ್ದಿತ್ತೇನೇ?"

"ಚೆನ್ನಾಗೇ ಇತ್ತು ಅತ್ತೆ. ನಾನೇ ಹಾಕ್ತಿದ್ದೆನಲ್ಲ."

"ಇನ್ಮೇಲೆ ನಿನ್ನ ಹೆಸರೇ ಹಾಕ್ಕೋ."

"ನಾನು ಬಿದ್ರೆ?"

"ಹಾಗಾದ್ರೆ ಬೇರೆ ಯಾರದ್ದಾದ್ರೂ ಹಾಕು. ನನ್ನ ಮಗನ ಹೆಸರಿನ ತಂಟೆಗೆ ಮಾತ್ರ ಹೋಗ್ಬೇಡ, ನೋಡು!"

ಅಷ್ಟರಲ್ಲಿ ಎಂಜಿನಿಯರ್ ಆ ಸಾಲನ್ನು ತೆಗೆದಿದ್ದ. ಮೂರನೆಯ ದಿನ ಬೆಳಿಗ್ಗೆ ಕಾವಲಮ್ಮ ಸುಳ್ಳು ವರದಿಯ ಖಾಲಿ ನಮೂನೆಯ ಮುಂದೆ ಕೂತಳು. ನೆನಪಿಗೆ ಬಂದ ಹೆಸರೆಲ್ಲ ಯಾರದೋ ಆಗಿತ್ತು. ದೇವರು ಯಾರನ್ನು ಯಾವತ್ತು ಈ ಮೆಟ್ಟಿಲು ಹತ್ತಿಸುತ್ತಾನೋ ಯಾರು ಬಲ್ಲರು. ಕೊನೆಗೆ 'ಗೋಡೆ ಗಡಿಯಾರ' ಎಂದು ಒತ್ತಿದಳು. ಬೆನ್ನ ಹಿಂದಿನ ಗೋಡೆಗೆ ಅದನ್ನು ನೇತುಹಾಕಿದ ತಾರೀಕು ನೆನಪಿತ್ತು, ಹುಟ್ಟಿದ ದಿನಕ್ಕೆ ಅದನ್ನೇ ಕೊಟ್ಟಳು.

ಗಂಡೋ, ಹೆಣ್ಣೋ ಎಂದು ಪರದೆ ಕೇಳಿತು.

ಕಾವಲಮ್ಮ ಕುರ್ಚಿ ತಿರುಗಿಸಿ ಗಡಿಯಾರವನ್ನೇ ನೋಡುತ್ತಾ ಕೂತಳು.