ವಾಸನೆ ಹೋದ ಮೇಲೆ

ಯಲಹಂಕದ ಒಂದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕೊಳಚೆ ನೀರು ಶುದ್ಧ ಮಾಡುವ ಪ್ಲಾಂಟ್ ನೋಡಿಕೊಳ್ಳುವವನು ನಾನು. ಮುನ್ನೂರು ಮನೆಯವರು ಬಚ್ಚಲಲ್ಲಿ, ಕಕ್ಕಸಿನಲ್ಲಿ ಬಿಟ್ಟಿದ್ದೆಲ್ಲ ನಮ್ಮ ತೊಟ್ಟಿಗೇ ಬರುತ್ತದೆ. ಲಿಫ್ಟಿನಲ್ಲಿ ನನ್ನನ್ನು ಕಂಡು ಮೂಗು ಮುಚ್ಚಿಕೊಳ್ಳುವವರ ಮನೆಯದೂ ಬರುತ್ತದೆ. ಅದೇನೂ ಗಂಧದ ವಾಸನೆ ಹೊಡೆಯುವುದಿಲ್ಲ.

ನನ್ನ ಮೂಗು ಬಹಳ ಚುರುಕು ಅನ್ನುವ ಜಂಬ ನನಗಿತ್ತು. ನನ್ನ ಜೊತೆ ಕೆಲಸಕ್ಕಿದ್ದವರೊಬ್ಬರು ಆರ್.ಟಿ. ನಗರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು, ನಾನು ಭಾಯ್ ಅನ್ನುತ್ತಿದ್ದೆ. ಎಂಥ ಪಂಪು ಕೆಟ್ಟರೂ ಬಿಚ್ಚಿ ಸರಿ ಮಾಡುತ್ತಿದ್ದರು. ಹಾಗಾಗಿ ನಮ್ಮಲ್ಲೊಂದು ಪದ್ಧತಿ ಬೆಳೆದುಬಿಟ್ಟಿತ್ತು. ತೊಟ್ಟಿಯ ಮುಚ್ಚಳ ತೆಗೆದು ನಾನು ಅಲ್ಲೇ ಕೂತು ಮೂಸುವುದು. ಕೊಳೆತ ಮೊಟ್ಟೆಯ ನಾತ ಇಳಿದಾಗ ನಾನು ‘ಹೋಯ್ತು’ ಅನ್ನುವುದು, ಆಮೇಲೆ ಅವರು ಇಳಿಯುವುದು.

ಗ್ಯಾಸ್ ಅಳೆಯುವ ಮೀಟರ್ ಇರಲಿಲ್ಲವೆಂದಲ್ಲ. ಅಸೋಸಿಯೇಷನ್ ಆಫೀಸಿನ ಗಾಜಿನ ಬೀರುವಿನಲ್ಲಿ, ಕ್ರಿಕೆಟ್ ಕಪ್ಪುಗಳ ಪಕ್ಕ, ಬೀಗದೊಳಗೆ ಭದ್ರವಾಗಿತ್ತು. ತಪಾಸಣೆಗೆ ಯಾರಾದರೂ ಬಂದರೆ ಅದನ್ನು ನನ್ನ ಕೊರಳಿಗೆ ಹಾಕಿ, ಫೋಟೋ ತೆಗೆದು, ಮತ್ತೆ ಒಳಗಿಡುತ್ತಿದ್ದರು.

ಆ ಭಾನುವಾರ ಬೆಳಿಗ್ಗೆ ಡೈಪರ್ ಸಿಕ್ಕಿಕೊಂಡು ತೊಟ್ಟಿಯೊಳಗಿನ ಪಂಪು ನಿಂತಿತು. ಮೇಲೆ ಕ್ಲಬ್‌ಹೌಸಿನಲ್ಲಿ ಯಾರದೋ ಮಗುವಿನ ಹುಟ್ಟುಹಬ್ಬ. ಅಸೋಸಿಯೇಷನ್ ಸೆಕ್ರೆಟರಿ ಫೋನ್ ಮಾಡಿದರು. “ಏನ್ರೀ, ಗೆಸ್ಟ್ ಬರ್ತಿದಾರೆ, ಇಲ್ಲೀವರೆಗೂ ಗಬ್ಬು ಹೊಡೀತಿದೆ. ಬೇಗ ಮುಗ್ಸಿ ಮುಚ್ಬಿಡಿ.”

ನಾನು ತೊಟ್ಟಿಯ ಬಾಯಿಯ ಮೇಲೆ ಬಗ್ಗಿ ಕೂತೇ ಇದ್ದೆ. ಕಣ್ಣು ಉರಿಯಿತು. ನಾತ ಒಮ್ಮೆ ಜೋರಾಗಿ ಮುಖಕ್ಕೆ ಹೊಡೆಯಿತು, ಆಮೇಲೆ ಇದ್ದಕ್ಕಿದ್ದಂತೆ ಏನೂ ಇಲ್ಲ. ನನಗೆ ಖುಷಿಯಾಯಿತು.

“ಭಾಯ್, ಹೋಯ್ತು.”

“ಇಷ್ಟ್ ಬೇಗನಾ? ಗ್ಯಾರಂಟಿನಾ?”

“ನನ್ ಮೂಗಿನ ಮೇಲೇ ಡೌಟಾ?”

ಅವರು ನಕ್ಕು, ಲುಂಗಿ ಮೇಲೆ ಕಟ್ಟಿ ಇಳಿದರು. ನಾಲ್ಕು ಮೆಟ್ಟಿಲು ಇಳಿದದ್ದು ಕಂಡೆ. ಐದನೆಯದರಲ್ಲಿ ಕೈ ಬಿಟ್ಟುಬಿಟ್ಟರು. ಕೂಗಲೂ ಇಲ್ಲ. ನೀರಿಗೆ ಏನೋ ಬಿದ್ದ ಸದ್ದು ಬಂತು, ಅಷ್ಟೇ.

ನಾನು ಏಣಿಗೆ ಕಾಲು ಹಾಕಿದೆ. ನನ್ನ ಕೂಗಿಗೆ ಓಡಿ ಬಂದ ಸೆಕ್ಯೂರಿಟಿಯವನು ಕಾಲರ್ ಹಿಡಿದು ಹಿಂದಕ್ಕೆ ಎಳೆದು ಕೆಡವಿದ. ಅವನಿಗೆ ಬಾಯಿಗೆ ಬಂದಂತೆ ಬೈದೆ. ಮೇಲೆ ಹಾಡು ನಿಂತದ್ದು ಫೈರ್ ಇಂಜಿನ್ ಗೇಟಿನೊಳಗೆ ಬಂದ ಮೇಲೆ. ಫೈರಿನವರು ಭಾಯ್‌ನ ಹೊರಗೆ ತೆಗೆಯುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಮರುದಿನ ಸೆಕ್ರೆಟರಿ ಒಂದು ಕಾಗದ ಮುಂದಿಟ್ಟರು. ಯಾರಿಗೂ ಹೇಳದೆ, ಯಾರನ್ನೂ ಕೇಳದೆ, ಆತ ತಾನಾಗಿಯೇ ಇಳಿದ ಎಂದಿತ್ತು. “ಇಳೀ ಅಂದಿದ್ದು ನೀವೇ ಅಲ್ವೇನ್ರೀ? ನಿಮ್ ಮೇಲೇ ಬರತ್ತೆ, ಯೋಚ್ನೆ ಮಾಡಿ,” ಅಂದರು. ಯೋಚನೆಗೆ ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ. ಸಹಿ ಹಾಕಿದೆ. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು, ಆದರೂ ಅಕ್ಷರ ನೆಟ್ಟಗೇ ಬಂದಿದ್ದವು.

ಎರಡು ವಾರಕ್ಕೆ ಸುರಕ್ಷತೆಯ ತರಬೇತಿ ಏರ್ಪಾಡಾಯಿತು. ಕನ್ನಡಕ ಹಾಕಿದ ಒಬ್ಬರು ಪರದೆಯ ಮೇಲೆ ಚಿತ್ರ ತೋರಿಸಿ ಹೇಳಿದರು: ಕೊಳೆತ ಮೊಟ್ಟೆ ವಾಸನೆಯ ಈ ಗ್ಯಾಸ್ ಜಾಸ್ತಿಯಾದರೆ ಮೊದಲು ಮೂಗನ್ನೇ ಸಾಯಿಸುತ್ತದೆ. ವಾಸನೆ ನಿಂತಿತೆಂದರೆ ಗ್ಯಾಸ್ ಹೋಯಿತೆಂದಲ್ಲ, ಅಲ್ಲಿಂದ ಓಡಬೇಕು ಎಂದರ್ಥ. ನಾನು ಮೊದಲ ಸಾಲಿನಲ್ಲಿ ಕೂತಿದ್ದೆ. ಕೊನೆಗೆ ಎಲ್ಲರಿಗೂ ಸರ್ಟಿಫಿಕೇಟ್ ಕೊಟ್ಟರು, ನನಗೂ ಕೊಟ್ಟು ಕೈ ಕುಲುಕಿದರು.

ನಲವತ್ತನೆಯ ದಿನದ ಫಾತೆಹಾ ಊಟಕ್ಕೆ ಭಾಯ್ ಮನೆಗೆ ಹೋದೆ. ಅವರ ಹೆಂಡತಿ ತಟ್ಟೆ ತಂದಿಟ್ಟು ಬಾಗಿಲ ಪಕ್ಕ ನಿಂತರು. ಕಾಗದದಲ್ಲಿ ಏನಿದೆಯೆಂದು ಯಾರೋ ಓದಿ ಹೇಳಿದ್ದರು, ಕೆಳಗಿನ ಸಹಿ ಯಾರದೆಂದು ಮಾತ್ರ ಹೇಳಿರಲಿಲ್ಲ.

“ಅಣ್ಣಾ, ಯಾರಿಗೂ ಹೇಳ್ದೆ ಇಳಿದ್ರು ಅಂತ ಬರ್ದಿದಾರಂತೆ. ನಿಮಗೆ ಹೇಳ್ದೆ ಅವ್ರು ಹೊರಗೆ ಬೀಡಿ ಸೇದೋಕೂ ಹೋಗ್ತಿರ್ಲಿಲ್ವಲ್ಲಾ?”

ನಾನು ತುತ್ತು ನುಂಗಿದೆ.

“ನಾನು ಆಗ ಅಲ್ಲಿರಲಿಲ್ಲಮ್ಮಾ,” ಅಂದೆ.

ಅವರು ನಂಬಿದರು. ಇನ್ನೊಂದು ಸೌಟು ಬಡಿಸಿ, “ನೀವ್ ಇದ್ದಿದ್ರೆ ಇಳಿಯೋಕೆ ಬಿಡ್ತಿರ್ಲಿಲ್ಲ ಅಣ್ಣಾ,” ಅಂದರು.