ನಾನು ಹೇಳಿಕೊಡದ ಮಾತು

ಕಳೆದ ವಾರ ಮೊಮ್ಮಗಳ ಶಾಲೆಯ ವಾರ್ಷಿಕೋತ್ಸವ. ನವಿಲಾಗಿ ಕುಣಿದು ಬಂದವಳ ಮುಖಕ್ಕೆ ಸೊಸೆ ಕೊಬ್ಬರಿ ಎಣ್ಣೆ ಹಚ್ಚಿ ಹತ್ತಿಯಿಂದ ಬಣ್ಣ ಒರೆಸುತ್ತಿದ್ದಳು. ಬಣ್ಣದೊಂದಿಗೆ ಬೆರೆತ ಕೊಬ್ಬರಿ ಎಣ್ಣೆಗೆ ಬೇರೆಯದೇ ವಾಸನೆ. ನಾನು ಎದ್ದು ವರಾಂಡಕ್ಕೆ ಹೋದೆ. ಮಾವನವರಿಗೆ ಎಣ್ಣೆ ಆಗಿಬರುವುದಿಲ್ಲ ಎಂದು ಸೊಸೆ ತೀರ್ಮಾನಿಸಿದಳು. ಇರಲಿ.

ತೊಂಬತ್ತರ ದಶಕದಲ್ಲಿ ನಾನು ಬಸವನಗುಡಿಯ ಒಂದು ಹವ್ಯಾಸಿ ನಾಟಕ ತಂಡಕ್ಕೆ ಪ್ರಾಂಪ್ಟರ್ ಆಗಿದ್ದೆ. ಹಗಲು ಸರ್ಕಾರಿ ಗುಮಾಸ್ತ, ಸಂಜೆ ಕಲಾಸೇವಕ. ಪರದೆಯ ಮರೆಯಲ್ಲಿ ಹಸ್ತಪ್ರತಿ ಹಿಡಿದು ನಿಂತು, ನಟರು ಮರೆತ ಮಾತನ್ನು ಪಿಸುಗುಡುವುದು ನನ್ನ ಸೇವೆ. ಅರ್ಹತೆಗಳು ಎರಡು: ಮಬ್ಬು ಬೆಳಕಿನಲ್ಲಿ ಓದಬಲ್ಲೆ, ರಂಗದ ಮೇಲೆ ನನ್ನನ್ನು ನೋಡಬೇಕೆಂದು ಯಾರೂ ಹಂಬಲಿಸಿರಲಿಲ್ಲ.

ಅಂಥ ತಂಡಕ್ಕೆ ಆಕೆ ಬಂದರು. ಹತ್ತನೇ ವಯಸ್ಸಿಗೆ ಕಂಪನಿ ನಾಟಕ, ಇಪ್ಪತ್ತಕ್ಕೆ ಸಿನಿಮಾ ನಾಯಕಿ, ಮೂವತ್ತೈದಕ್ಕೆ ತಮಗಿಂತ ಹಿರಿಯ ನಾಯಕರಿಗೆ ತಾಯಿ. ಪ್ರಶಸ್ತಿಗಳು ಬಂದಿದ್ದವು, ಹೆಚ್ಚಿನವು ಅತ್ತಿದ್ದಕ್ಕೆ. ಸಿನಿಮಾದವರು ಅಳಿಸುತ್ತಾರೆಯೇ ಹೊರತು ಮಾತಾಡಲು ಬಿಡುವುದಿಲ್ಲ, ಮಾತಾಡಬೇಕೆಂದೇ ನಿಮ್ಮಲ್ಲಿಗೆ ಬಂದೆ ಎನ್ನುತ್ತಿದ್ದರು. ಚಾಮರಾಜಪೇಟೆಯಿಂದ ಆಟೋದಲ್ಲಿ ಬಂದು, ನಮಗೆಲ್ಲರಿಗಿಂತ ಮೊದಲೇ ತಾಲೀಮಿನ ಕೋಣೆಯ ಬಾಗಿಲಲ್ಲಿ ಕಾಯುತ್ತಿದ್ದರು. ನಾವೆಲ್ಲ ಅವರನ್ನು ಅಮ್ಮ ಎನ್ನುತ್ತಿದ್ದೆವು.

ಮೊದಲ ಪ್ರದರ್ಶನದಲ್ಲೇ ನಾನು ಕರ್ತವ್ಯನಿಷ್ಠೆ ಮೆರೆದೆ. ಮಾತಿನ ನಡುವೆ ಅವರು ನಿಲ್ಲಿಸಿದರು. ನಾನು ಒಡನೆ ಮುಂದಿನ ಸಾಲು ಹೇಳಿಕೊಟ್ಟೆ, ಮೂರನೇ ಸಾಲಿನ ಪ್ರೇಕ್ಷಕರಿಗೂ ಕೇಳುವಂತೆ. ಯಾರೋ ನಕ್ಕರು. ನಾಟಕ ಮುಗಿದ ಮೇಲೆ ಬಣ್ಣದ ಕೋಣೆಯಲ್ಲಿ, ಎಲ್ಲರ ಎದುರಿಗೆ, ನನ್ನ ವಿಚಾರಣೆ ನಡೆಯಿತು.

“ರಾಯರೇ, ನಾನು ನಿಲ್ಸಿದ್ದು ಮರೆತುಹೋಗಿ ಅಂದ್ಕೊಂಡ್ರಾ? ನಾನು ಸುಮ್ನಿದ್ದಾಗ ನೀವೂ ಸುಮ್ನಿರಿ. ಪ್ರಾಣ ಹೋದ್ರೂ ಬಾಯಿ ಬಿಡಬೇಡಿ.”

ಲೈಟಿನವನೂ ನಕ್ಕ. ಅಂದಿನಿಂದ ಅವರ ಪ್ರತಿಯೊಂದು ಮೌನಕ್ಕೂ ಹಸ್ತಪ್ರತಿಯಲ್ಲಿ ಕೆಂಪು ಗುರುತು ಹಾಕಿಕೊಂಡು, ಸರ್ಕಾರಿ ಆದೇಶದಂತೆ ಪಾಲಿಸಿದೆ. ಏಳೆಂಟು ವರ್ಷ. ಅವಮಾನವನ್ನೂ ಅಷ್ಟೇ ಜೋಪಾನವಾಗಿ ಇಟ್ಟುಕೊಂಡೆ...

ಹೊಸ ಶತಮಾನ ಬಂದ ಹೊಸತು. ನಾಟಕದ ಕೊನೆಯ ದೃಶ್ಯ. ಮಗನ ಎದುರು ನಿಂತ ತಾಯಿ ಒಂದಿಡೀ ಪುಟ ಮಾತಾಡಬೇಕು. ನಾಟಕದ ಜೀವವೇ ಆ ಪುಟ. ಅವರು ಒಂದು ಹೆಜ್ಜೆ ಮುಂದೆ ಬಂದು ನಿಂತರು. ಮಾತು ಬರಲಿಲ್ಲ. ಅಲ್ಲಿ ನನ್ನ ಕೆಂಪು ಗುರುತು ಇರಲಿಲ್ಲ. ಅವರು ನಿಧಾನವಾಗಿ ನನ್ನ ಕಡೆ ತಿರುಗಿದರು. ಅವರ ಕಣ್ಣು ಹಾಗೆ ಬೇಡಿದ್ದನ್ನು ನಾನು ಸಿನಿಮಾದಲ್ಲೂ ಕಂಡಿರಲಿಲ್ಲ.

ಅದು ಅವರ ಹೊಸ ಮೌನವೆಂದೇ ಆಮೇಲೆ ಎಲ್ಲರಿಗೂ ಹೇಳಿದೆ. ಇಲ್ಲ, ನನಗೆ ಗೊತ್ತಾಗಿತ್ತು. ಬಾಯಿ ಬಿಡಬೇಡಿ ಅಂದಿದ್ದರಲ್ಲ, ಒಂದು ಗಳಿಗೆ ಅನುಭವಿಸಲಿ ಎನಿಸಿತು. ಒಂದೇ ಗಳಿಗೆ... ಅಷ್ಟರಲ್ಲಿ ಮಗನ ಪಾತ್ರದವನು ಹೆದರಿ, ಇಡೀ ಪುಟ ಹಾರಿಸಿ ತನ್ನ ಮಾತು ಹೇಳಿಬಿಟ್ಟ. ಪರದೆ ಬಿತ್ತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಬಣ್ಣದ ಕೋಣೆಯಲ್ಲಿ ಅವರು ಮುಖಕ್ಕೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ನಾನು ಬಾಗಿಲಲ್ಲಿ ನಿಂತೆ.

“ನಿಮ್ಮ ಕಡೆ ನೋಡ್ದೆ ರಾಯರೇ.”

“ನೀವೇ ಹೇಳಿದ್ರಲ್ಲಮ್ಮಾ, ಬಾಯಿ ಬಿಡಬೇಡಿ ಅಂತ...”

ಕನ್ನಡಿಯಲ್ಲೇ ನನ್ನನ್ನು ನೋಡಿದರು. “ಹೌದು. ಒಳ್ಳೇ ನೌಕರರು ನೀವು.”

ಪತ್ರಿಕೆಯ ವಿಮರ್ಶಕರು ಆ ಮೌನದ ಮೇಲೆ ಎರಡು ಕಾಲಂ ಬರೆದರು. ನಿರ್ದೇಶಕರು ಹಿಗ್ಗಿ, ಮುಂದಿನ ಪ್ರದರ್ಶನದಲ್ಲೂ ಅದೇ ಜಾಗದಲ್ಲಿ ಅಷ್ಟೇ ಹೊತ್ತು ಸುಮ್ಮನೆ ನಿಲ್ಲಬೇಕೆಂದು ಅವರನ್ನು ಕೋರಿದರು. ಗುರುತು ಹಾಕಿಕೊಳ್ಳಲು ನನಗೆ ಅಪ್ಪಣೆಯಾಯಿತು. ಮಾತಾಡಲೆಂದೇ ಬಂದವರಿಗೆ ಕಲಾಪ್ರಪಂಚ ಕೊಟ್ಟ ಗೌರವ ಅದು. ಆಕೆ ಒಪ್ಪಲಿಲ್ಲ. ಮತ್ತೆ ರಂಗ ಹತ್ತಲೂ ಇಲ್ಲ. ಸಿನಿಮಾದವರ ಕೊಬ್ಬು ಎಂದರು ತಂಡದವರು. ನಿಜ ಹೇಳಿದರೆ ಅಮ್ಮನ ಮಾನ ಹೋಗುತ್ತದೆಂದು ನಾನು ಸುಮ್ಮನಿದ್ದೆ. ಹೋಗುತ್ತಿದ್ದುದು ಯಾರ ಮಾನವೆಂದು ನನಗೆ ಗೊತ್ತಿತ್ತು.

ಐದಾರು ವರ್ಷಕ್ಕೆ ಅವರು ತೀರಿಕೊಂಡರು. ಸಂತಾಪ ಸಭೆಯಲ್ಲಿ, ಹತ್ತಿರದಿಂದ ಕಂಡವರೆಂದು ನನ್ನನ್ನೂ ಮಾತಿಗೆ ಕರೆದರು. ಅಂಥ ಮೌನವನ್ನು ಕನ್ನಡ ರಂಗಭೂಮಿ ಮತ್ತೆ ಕಾಣದು ಎಂದು ನಾನೂ ಹೇಳಿ ಬಂದೆ. ಜನ ತಲೆದೂಗಿದರು.

ಅವರಿಗೆ ಅಂದು ಬೇಕಾಗಿದ್ದುದು ಎರಡೇ ಪದ: “ಆವತ್ತು ಬೆಳಿಗ್ಗೆ.” ಅಷ್ಟು ಹೇಳಿದ್ದರೆ ಮಿಕ್ಕದ್ದು ತಾನಾಗಿ ಬರುತ್ತಿತ್ತು. ಆ ಪುಟ ನನಗೀಗಲೂ ಬಾಯಿಪಾಠ. ಕೇಳಿಸಿಕೊಳ್ಳಬೇಕಾದವರು ಇಲ್ಲ.