ಆಡಿ ಗಾಳಿಗೆ ಮುಚ್ಚಿದ ಜನ್ನಲು

ಎಂಬತ್ತರ ದಶಕದಲ್ಲಿ ಕೊಯಮತ್ತೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಬಿ.ಎ. ಓದುತ್ತಿದ್ದಾಗ ನನಗೆ ಪದಗಳ ಬೇರು ಕೆದಕುವ ಹುಚ್ಚು ಹಿಡಿದಿತ್ತು. ಕರುಮತ್ತಂಪಟ್ಟಿಯಿಂದ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ ಲೈಬ್ರರಿಯ ದಪ್ಪ ನಿಘಂಟು ತೆರೆದು ಕೂರುತ್ತಿದ್ದೆ. ಒಂದು ದಿನ ‘ವಿಂಡೋ’ ಸಿಕ್ಕಿತು, ಅದೇ ಕಿಟಕಿ, ನಮ್ಮ ಮನೆಮಾತಿನ ಜನ್ನಲು. ಒಂದೇ ಪದ ಅಂದುಕೊಂಡಿದ್ದೆ, ಎರಡು ಕೂಡಿ ಆದದ್ದಂತೆ. ಹಳೆಯ ನಾರ್ಸ್ ಭಾಷೆಯಲ್ಲಿ ಅದು ‘ಗಾಳಿಯ ಕಣ್ಣು’. ಅದು ಬರುವ ಮೊದಲು ಇಂಗ್ಲಿಷರು ‘ಕಣ್ಣುಬಾಗಿಲು’ ಅನ್ನುತ್ತಿದ್ದರು. ಸಂಸ್ಕೃತದ ಗವಾಕ್ಷ ಹಸುವಿನ ಕಣ್ಣು, ಹಳೆಯ ತಮಿಳಿನ ಕಾಲದರ್ ಗಾಳಿಯ ದಾರಿ. ಅಬ್ಬಾ, ಎಲ್ಲೆಲ್ಲಿಯ ಜನ, ಎಲ್ಲರಿಗೂ ಅದೇ ಕಣ್ಣು, ಅದೇ ಗಾಳಿ! ಕುಣಿಯುವಷ್ಟು ಖುಷಿಯಾಯಿತು.

ಆ ಖುಷಿ ಮನೆ ಮುಟ್ಟುವ ತನಕ ಮಾತ್ರ. ಮನೆಗೆ ಅಂಟಿಕೊಂಡೇ ಅಪ್ಪನ ತರಿಮನೆ, ಅಂದರೆ ಪವರ್‌ಲೂಮ್ ಶೆಡ್ಡು. ಆಷಾಢದ ಹೊತ್ತಿಗೆ ಬರುವ ಆಡಿ ತಿಂಗಳ ಗಾಳಿ ಬಡಿದರೆ ಪಾವು, ಅಂದರೆ ತರಿಗೆ ಉದ್ದಕ್ಕೆ ಬಿಗಿದ ಹಾಸಿನ ನೂಲು, ಒಣಗಿ ಪಟಪಟನೆ ಹರಿಯುತ್ತದೆ. ಅದಕ್ಕೆ ನಮ್ಮ ಕಡೆ ಆಡಿ ಬಂತೆಂದರೆ ತರಿಮನೆಯ ಜನ್ನಲುಗಳಿಗೆ ಗೋಣಿತಟ್ಟು ಇಟ್ಟು ಮೊಳೆ ಹೊಡೆದುಬಿಡುತ್ತಾರೆ. ಒಳಗೆಲ್ಲ ಹತ್ತಿಯ ಧೂಳು. ಅಪ್ಪನಿಗೋ ಉಬ್ಬಸ. ಗಾಳಿಯಾಡುವ ಕಡೆ ಇರಬೇಕು ಅಂತ ಸೂಲೂರಿನ ಡಾಕ್ಟರು ಹೇಳಿ ಹೇಳಿ ಸೋತಿದ್ದರು.

ಅವತ್ತು ನನಗೆ ಎಲ್ಲಿತ್ತೋ ಸಿಟ್ಟು, ಹೋಗಿ ಗೋಣಿ ಕಿತ್ತೆ. ಗಾಳಿ ನುಗ್ಗಿತು, ನೂಲು ಹರಿಯಿತು, ತರಿ ನಿಂತಿತು. ಅಪ್ಪ ಕೆಮ್ಮುತ್ತಲೇ ಬಂದರು. ನನ್ನನ್ನು ಅವರು ಮುದ್ದಿನಿಂದ ‘ಕಣ್ಣು’ ಅಂತಲೇ ಕರೆಯುತ್ತಿದ್ದದ್ದು.

“ಬೇಡ, ಕಣ್ಣು. ಪಾವು ಅರಿದೋದ್ರೆ ಬಟ್ಟೆ ಯಾರೂ ತಗೊಳ್ಳಲ್ಲ.”

“ಬಟ್ಟೆ ಹಾಳಾಗೋಗ್ಲಿ! ನಿಮಗೆ ಉಸಿರು ಬೇಡ್ವಾ ಅಪ್ಪ?” ಅಂತ ಕಿರುಚಿದೆ. ಆ ಸಿಟ್ಟಿನಲ್ಲೇ ನಾರ್ಸು, ಸಂಸ್ಕೃತ, ತಮಿಳು ಎಲ್ಲ ಒದರಿದೆ.

ಅಪ್ಪ ನಕ್ಕರು. “ಆ ಊರುಗಳಲ್ಲಿ ತರಿ ಇರಲಿಲ್ಲವೇನೋ.”

ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ನಾನು ಬೆನ್ನು ನೀವುತ್ತ ನಿಂತೆ. ಕೆಮ್ಮು ಅಡಗಿದ ಮೇಲೆ ಅವರೇ ಸುತ್ತಿಗೆ ತಗೊಂಡು ಗೋಣಿಗೆ ಮತ್ತೆ ಮೊಳೆ ಹೊಡೆದರು.

ಮುಂದಿನ ಆಡಿಗೆ ಅಪ್ಪ ಹಾಸಿಗೆ ಹಿಡಿದರು. ತರಿಯನ್ನು ಚಿಕ್ಕಪ್ಪ ನೋಡಿಕೊಳ್ಳುತ್ತಿದ್ದರು. ನಾನು ಮಂಚವನ್ನು ಮುಂದಿನ ಕೋಣೆಯ ಜನ್ನಲಿನ ಕೆಳಗೆ ಎಳೆದು ಹಾಕಿ ಜನ್ನಲಿನ ಎರಡೂ ಕದ ತೆರೆದಿಟ್ಟೆ. ಗಾಳಿ ಮುಖಕ್ಕೇ ಬಡಿಯುತ್ತಿತ್ತು. ಆದರೂ ಅವರಿಗೆ ಉಸಿರು ಎಟುಕುತ್ತಿರಲಿಲ್ಲ. ಯಾಕೆ ದೇವರೇ, ಇಷ್ಟು ಗಾಳಿ ಇದೆಯಲ್ಲ ಅಂತ ಅತ್ತೆ.

ಕೊನೆಯ ಮಧ್ಯಾಹ್ನ ಕಣ್ಣು ಅರೆತೆರೆದು ಜನ್ನಲಿನತ್ತ ಕೈ ಎತ್ತಿದರು. “ಮುಚ್ಚು, ಕಣ್ಣು. ಪಾವು ಅರಿದೋಯ್ತದೆ.”

“ಇಲ್ಲಿ ನೂಲಿಲ್ಲಪ್ಪಾ, ಇದು ಮನೆ” ಅಂದೆ.

ಎತ್ತಿದ ಕೈ ಇಳಿಸಲೊಲ್ಲರು. ನಾನೇ ಎದ್ದು ಜನ್ನಲು ಮುಚ್ಚಿದೆ. ಆಮೇಲೆ ಕೈ ಇಳಿಸಿದರು.